ಮೊದಲು ಮೆಕ್ಯಾನಿಕಲ್, ಆಮೇಲೆ ವಿಮಾನ

ಸಿಇಟಿ ಫಲಿತಾಂಶ ಬಂದೊಡನೆ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳ ಪರವಾಗಿ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: ಏರೋಸ್ಪೇಸ್ ಸೇರಿಸುವುದೋ, ಮೆಕ್ಯಾನಿಕಲ್ಲೋ? 2023ರಲ್ಲಿ ಚಂದ್ರಯಾನ-3 ಚಂದ್ರನ ಮೇಲಿಳಿದ ಮೇಲಂತೂ ಮಕ್ಕಳ ಮನಸ್ಸೆಲ್ಲ ಆಕಾಶದಲ್ಲಿಯೇ ಇದೆ. ಸಂತೋಷವೇ. ಆದರೂ ಬಿ.ಇ.ಗೆ ಮೆಕ್ಯಾನಿಕಲ್ಲೇ ಲೇಸೆಂಬುದು ನನ್ನ ಅಭಿಪ್ರಾಯ.

ಈ ವಿದ್ಯೆಯಲ್ಲಿ ದೊಡ್ಡವರಾದವರು ನಡೆದ ದಾರಿಯನ್ನು ನೋಡಿ. ರೊದ್ದಂ ನರಸಿಂಹ ಅವರು ಬೆಂಗಳೂರಿನಲ್ಲಿ 1953ರಲ್ಲಿ ಪಡೆದದ್ದು ಮೆಕ್ಯಾನಿಕಲ್ ಪದವಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ಓದಿದ್ದು ಆಮೇಲೆ. ಅಲ್ಲಿ ಅವರಿಗೆ ಗುರುಗಳಾಗಿದ್ದ ಸತೀಶ್ ಧವನ್ ಅವರೂ ಲಾಹೋರಿನಲ್ಲಿ ಮೆಕ್ಯಾನಿಕಲ್ ಮುಗಿಸಿಯೇ ಅಮೆರಿಕಕ್ಕೆ ಹೋಗಿ ವಿಮಾನಶಾಸ್ತ್ರ ಕಲಿತವರು. (ಧವನ್ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಕೂಡ ಮಾಡಿದ್ದರೆಂಬುದು ಭಾಷೆ ಕಲಿಸಿದ ನನಗೆ ಒಳಗೊಳಗೇ ಹೆಮ್ಮೆ!)

ಉಷ್ಣ, ದ್ರವಗಳ ಚಲನೆ, ವಸ್ತುಗಳ ಬಲ ಇವು ಎರಡು ಶಾಖೆಗಳಿಗೂ ತಳಹದಿ. ಇಸ್ರೋ ತನ್ನ ನೇಮಕಾತಿಯಲ್ಲಿ ಮೆಕ್ಯಾನಿಕಲ್ ಪದವೀಧರರನ್ನು ಕರೆಯುತ್ತದೆ. ಪಂಪು ತಯಾರಿಸುವ ಕಾರ್ಖಾನೆಯಾಗಲಿ ಸಕ್ಕರೆ ಕಾರ್ಖಾನೆಯಾಗಲಿ ಏರೋಸ್ಪೇಸ್ ಓದಿದವನನ್ನು ಹುಡುಕಿಕೊಂಡು ಬರುವುದಿಲ್ಲ. ಆಸೆ ಉಳಿದಿದ್ದರೆ 'ಗೇಟ್' ಬರೆದು ಎಂ.ಟೆಕ್.ನಲ್ಲಿ ಏರೋಸ್ಪೇಸ್ ಹಿಡಿಯಬಹುದು. ಅಮೆರಿಕದ ಮೇಲೆ ಕಣ್ಣಿಟ್ಟಿರುವ ಬಂಧುಗಳಿಗೆ ಇನ್ನೊಂದು ಮಾತು: ಅಲ್ಲಿ ರಾಕೆಟ್ ತಂತ್ರಜ್ಞಾನಕ್ಕೆ ರಫ್ತು ನಿಯಂತ್ರಣದ ಕಾನೂನಿದೆ. ಪೌರತ್ವವೋ ಗ್ರೀನ್ ಕಾರ್ಡೋ ಇಲ್ಲದವರಿಗೆ ಆ ಕೆಲಸಗಳು ದುರ್ಲಭ.

ಐಐಟಿಯಲ್ಲಿ ಏರೋಸ್ಪೇಸ್ ಸೀಟು ದೊರೆತರೆ ಮಾತು ಬೇರೆ. ಬೇರೆ ಕಾಲೇಜಾದರೆ, ಶುಲ್ಕ ಕಟ್ಟುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿ, ವಿಂಡ್ ಟನಲ್ ಇದೆಯೇ, ಇದ್ದರೆ ಓಡುತ್ತಿದೆಯೇ ಎಂದು ಕಣ್ಣಾರೆ ನೋಡಿ ಬನ್ನಿ.