ಗಾಡಿ ನಮ್ಮದು, ಪ್ಲಗ್ಗು ಯಾರದ್ದು?

ನಮ್ಮ ವಠಾರದಲ್ಲಿ ಇದುವರೆಗೆ ಜಗಳ ಅಂತ ಆಗಿದ್ದೆಲ್ಲ ನೀರಿನ ಸಂಪಿಗೆ, ಬಟ್ಟೆ ಒಣಹಾಕೋ ತಂತಿಗೆ. ಈಗ ಹೊಸದೊಂದು ಕಾರಣ ಬಂದಿದೆ ನೋಡಿ, ಕರೆಂಟು ಗಾಡಿ!

ವಠಾರ ಅಂದರೆ ಮೂರು ಅಂತಸ್ತಿನ ಹಳೇ ಕಟ್ಟಡ, ಎಂಟು ಬಾಡಿಗೆ ಮನೆ. ಮೇಲಿನ ಮನೆಯಾಕೆಗೆ ದಿನಾ ಹಳ್ಳಿ ಹಳ್ಳಿ ತಿರುಗುವ ಕೆಲಸ. ಬಸ್ಸಿಗೆ ಕಾದು ಕಾದು ಸಾಕಾಗಿ, ಚೀಟಿ ಎತ್ತಿದ ದುಡ್ಡಿನಲ್ಲಿ ಬ್ಯಾಟರಿ ಸ್ಕೂಟರು ತಂದರು. ಸಂತೋಷವೇ. ಆದರೆ ರಾತ್ರಿ ಅದಕ್ಕೆ ಊಟ ಹಾಕುವುದೆಲ್ಲಿ? ಕೆಳಗೆ ಗಾಡಿ ನಿಲ್ಲಿಸುವ ಕಡೆ, ಮೆಟ್ಟಿಲ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದರು. ಆ ಪ್ಲಗ್ಗೋ ನೀರಿನ ಮೋಟಾರಿನ ಮೀಟರಿನದು. ಬಿಲ್ಲು ಎಂಟೂ ಮನೆಯವರು ಹಂಚಿಕೊಳ್ಳೋದು. ಮೂರನೇ ದಿನಕ್ಕೇ ಕೆಳಮನೆ ಅಜ್ಜಿ, "ಅಲ್ಲಮ್ಮಾ, ನಿನ್ನ ಗಾಡಿ ಕರೆಂಟಿಗೆ ನಾವ್ಯಾಕೆ ದುಡ್ಡು ಕಟ್ಟಬೇಕು?" ಅಂದೇಬಿಟ್ಟರು. "ಹಾಗಾದ್ರೆ ಗಾಡಿ ಮಾರಿಬಿಡಲಾ ಅಜ್ಜಿ?" ಅನ್ನುವಾಗ ಆಕೆಯ ಕಣ್ಣಲ್ಲಿ ನೀರು. ಅಷ್ಟರಲ್ಲಿ ಮಾಲೀಕರು ಬಂದವರು, "ಇಲ್ಲಿ ಚಾರ್ಜು ಗೀರ್ಜು ಕೂಡದು. ಗಾಡಿ ಬೇಕೋ ಮನೆ ಬೇಕೋ ನೋಡ್ಕೊಳ್ಳಿ" ಅಂತ ಹೇಳಿ ಹೋದರು.

ಯಾರದ್ದು ಸರಿ? ನಿಜ ಹೇಳಬೇಕೆಂದರೆ ಮೊದಲಿಗೆ ನಾನೂ ಅಜ್ಜಿಯ ಪಕ್ಷವೇ. ಆಮೇಲೆ ನಿಯಮ ಏನಿದೆ ಅಂತ ವಿಚಾರಿಸಿದೆ.

ಮನೆಗೆ ಇರುವ ಸಂಪರ್ಕದಿಂದಲೇ ಮನೆಯವರು ತಮ್ಮ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು, ಅದಕ್ಕೆ ಮನೆಯ ದರವೇ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿತು. ಮನೆಯ ಸಂಪರ್ಕ ಬಳಸುವ ಅವಕಾಶ 2024ರ ಸೆಪ್ಟೆಂಬರಿನ ಹೊಸ ಮಾರ್ಗಸೂಚಿಯಲ್ಲೂ ಉಳಿದಿದೆ. ಆದರೆ ಗಮನಿಸಿ, ನಮ್ಮ ಮೀಟರಿನಿಂದ! ಹತ್ತು ಜನರ ಮೀಟರಿನಿಂದಲ್ಲ. ಗಾಡಿ ನಿಲ್ಲಿಸುವ ಜಾಗದಲ್ಲಿ ಶೇಕಡಾ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದು 2019ರಲ್ಲಿ ಮಾದರಿ ಕಟ್ಟಡ ಬೈಲಾಕ್ಕೆ ಸೇರಿಸಿದ್ದಾರೆ, ನಿಜ. ಅದು ಹೊಸದಾಗಿ ಕಟ್ಟುವವರಿಗೆ ಹಾಕಿಕೊಟ್ಟ ಮಾದರಿ. ಆಯಾ ರಾಜ್ಯ, ಆಯಾ ಊರಿನ ಸಂಸ್ಥೆ ತನ್ನ ನಿಯಮಕ್ಕೆ ಸೇರಿಸಿಕೊಂಡರೇ ಅದಕ್ಕೆ ಬಲ. ನಮ್ಮಂಥ ಹಳೇ ಕಟ್ಟಡಕ್ಕೆ ಅದನ್ನು ಹಿಡಿದು ವಾದ ಮಾಡಿ ಪ್ರಯೋಜನವಿಲ್ಲ. ನಿಮ್ಮ ಊರಿನಲ್ಲಿ ಹೊಸ ಮನೆ, ಹೊಸ ಅಪಾರ್ಟ್‌ಮೆಂಟು ನೋಡುತ್ತಿದ್ದರೆ ಮಾತ್ರ ಅಡುಗೆಮನೆ ಕಿಟಕಿ ಯಾವ ದಿಕ್ಕಿಗೆ ಅಂತ ಕೇಳುವ ಹೊತ್ತಿಗೇ, ಕೆಳಗೆ ನಮ್ಮ ಮೀಟರಿನ ಪ್ಲಗ್ಗು ಇದೆಯೇ ಅಂತಲೂ ಕೇಳಿಬಿಡಿ.

ಇನ್ನು ಲೆಕ್ಕ. ಮೂರು ಯೂನಿಟ್ಟಿನ ಬ್ಯಾಟರಿ ಪೂರ್ತಿ ತುಂಬಲು ಸುಮಾರು ಮೂರೂವರೆ ಯೂನಿಟ್ಟು. ದಿನ ಬಿಟ್ಟು ದಿನ ಅಂದರೂ ತಿಂಗಳಿಗೆ 52 ಯೂನಿಟ್ಟು. ಯೂನಿಟ್ಟಿಗೆ ಏಳು ರೂಪಾಯಿ ಎಂದಿಟ್ಟುಕೊಂಡರೆ 365 ರೂಪಾಯಿ ಆಸುಪಾಸು. ಇದು ಪೆಟ್ರೋಲಿನ ಮುಂದೆ ಏನೂ ಅಲ್ಲ. ಆದರೆ 2023ರಲ್ಲಿ ಬಂದ ಗೃಹಜ್ಯೋತಿ ಇದೆಯಲ್ಲ, ಅಲ್ಲಿ ನೋಡಿಕೊಳ್ಳಬೇಕು. ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ಟು ದಾಟಿದರೆ ಹೆಚ್ಚಿನದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು! ಮಿಕ್ಸಿ, ಫ್ರಿಜ್ಜು, ಗೀಸರು ಸೇರಿ ಈಗಾಗಲೇ 160ಕ್ಕೆ ಬರುವ ಮನೆಗೆ ಈ 52 ಸಣ್ಣದಲ್ಲ.

ದುಡ್ಡಿಗಿಂತ ನನಗೆ ಭಯವಾಗಿದ್ದು ಆ ಮೆಟ್ಟಿಲು. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ, ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯ ಬೆಂಕಿಯಿಂದ ಎದ್ದ ಹೊಗೆ ಮೇಲಿನ ವಸತಿಗೃಹಕ್ಕೆ ನುಗ್ಗಿ 8 ಜನ ತೀರಿಕೊಂಡರು. ಹೊಗೆ ಏರುವುದು ಮೆಟ್ಟಿಲ ದಾರಿಯಲ್ಲೇ ಅಲ್ಲವೇ? ನಾವು ಇಳಿದು ಓಡಬೇಕಾದ್ದೂ ಅಲ್ಲೇ. ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರಿನ ಹತ್ತಿರ, ಹಳೇ ಪೇಪರಿನ ಪಕ್ಕ ಖಂಡಿತ ಚಾರ್ಜಿಗೆ ಹಾಕಬೇಡಿ. ಗಾಡಿಯ ಜೊತೆ ಬಂದ ಚಾರ್ಜರನ್ನೇ ಬಳಸಿ. ಅರ್ಥಿಂಗ್ ಇರುವ ದೊಡ್ಡ ಪ್ಲಗ್ಗು ಇರಲಿ, ಎಕ್ಸ್‌ಟೆನ್ಷನ್ ವೈರು ಬೇಡವೇ ಬೇಡ. ಬಿಸಿಲಲ್ಲಿ ಓಡಿಬಂದ ಗಾಡಿ ಅರ್ಧ ಗಂಟೆ ತಣ್ಣಗಾಗಲಿ.

ಇದನ್ನೆಲ್ಲ ಮುಂದಿಟ್ಟು ಭಾನುವಾರ ಮಾಲೀಕರ ಹತ್ತಿರ ಮಾತಾಡಿದೆವು. ಗೋಡೆ ಅವರದ್ದು, ಅವರು ಒಪ್ಪದೆ ಒಂದು ಮೊಳೆ ಹೊಡೆಯುವ ಹಾಗಿಲ್ಲ. ಆಕೆಯ ಮೀಟರಿನಿಂದಲೇ ಬೇರೆ ತಂತಿ, ಅದಕ್ಕೊಂದು ಎಂಸಿಬಿ, ಕಾಂಪೌಂಡಿನ ಮೂಲೆಯಲ್ಲಿ ಬೀಗ ಹಾಕುವ ಪ್ಲಗ್ಗಿನ ಪೆಟ್ಟಿಗೆ, ಖರ್ಚು ಆಕೆಯದ್ದು. ಹೀಗೆಂದು ಬರೆದುಕೊಟ್ಟ ಮೇಲೆ ಗೊಣಗುತ್ತಲೇ "ಆಯ್ತು" ಅಂದರು. ಹಳೇ ಮೂರು ದಿನದ್ದಕ್ಕೆ ಅಂತ ಆಕೆ ಅಜ್ಜಿಯ ಕೈಗೆ ನೂರು ರೂಪಾಯಿ ಇಟ್ಟರೆ, ಅಜ್ಜಿ ಕೂತು ಲೆಕ್ಕ ಹಾಕಿ ಮೂವತ್ತು ವಾಪಸು ಕೊಟ್ಟರು.

ಈಗ ಅಜ್ಜಿಯ ಮೊಮ್ಮಗನೂ ಅಂಥದ್ದೇ ಗಾಡಿ ನೋಡುತ್ತಿದ್ದಾನಂತೆ. ಅದೇ ಪೈಪಿನಲ್ಲಿ ಅವನ ತಂತಿಯನ್ನೂ ತರಬೇಕಂತೆ. ಪೈಪಿನ ಅರ್ಧ ಖರ್ಚು ಯಾರದ್ದು ಅನ್ನೋ ಮಾತು ಬರುವ ಭಾನುವಾರಕ್ಕೆ.