ಕನ್ನಡ ತೆರೆಯದ ಇ-ರೀಡರ್ ಏಕೆ?

ಇನ್ನಂಜೆಯಂತಹ ಊರುಗಳ ಹಿರಿಯರಿಗೆ ಪರವೂರಿನ ಮಕ್ಕಳು ಇ-ರೀಡರ್ ಕೊಡಿಸುವುದು ಸಂತೋಷದ ಸಂಗತಿ. ಇ-ಇಂಕ್ ಪರದೆ ಕಾಗದದಂತೆ ಕಣ್ಣಿಗೆ ಹಿತ. ಆದರೆ ಬೆಲೆಗಿಂತ ಮೊದಲು ವಿಚಾರಿಸಬೇಕಾದುದು, ಅದರಲ್ಲಿ ಕನ್ನಡ ಪುಸ್ತಕಗಳು ದೊರೆಯುತ್ತವೆಯೇ ಎಂಬುದನ್ನು. 2016ರಲ್ಲಿ ಅಮೆಜಾನ್ ಸಂಸ್ಥೆ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಕನ್ನಡಕ್ಕೆ ಸ್ಥಾನವಿರಲಿಲ್ಲ. ಕನ್ನಡದ ಇ-ಪುಸ್ತಕಗಳು ಮೈಲ್ಯಾಂಗ್‌ನಂತಹ ಆ್ಯಪ್‌ಗಳಲ್ಲಿ ದೊರೆಯುವುದರಿಂದ, ಆಂಡ್ರಾಯ್ಡ್ ಆ್ಯಪ್‌ಗಳನ್ನು ನಡೆಸಬಲ್ಲ ಇ-ರೀಡರ್ ಮೇಲು. ಸ್ಕ್ಯಾನ್ ಮಾಡಿದ ಹಳೆಯ ಗ್ರಂಥಗಳಿಗಾದರೋ ಆರಂಗುಲದ ಪರದೆ ಸಾಲದು. ಅಲ್ಲಿ ಪುಟ ಹಿಗ್ಗುತ್ತದೆಯೇ ಹೊರತು ಸಾಲುಗಳು ಪರದೆಗೆ ತಕ್ಕಂತೆ ಮರುಜೋಡಣೆಗೊಳ್ಳುವುದಿಲ್ಲ. ಹಾಗೆ ಮರುಜೋಡಣೆಗೊಳ್ಳುವ ಇಪಬ್ ರೂಪದಲ್ಲಿಯೂ ಸರ್ಕಾರಿ ಅಕಾಡೆಮಿ, ಪ್ರಾಧಿಕಾರಗಳು ತಮ್ಮ ಪುಸ್ತಕಗಳನ್ನು ಹೊರತರಬೇಕು. ಸಾರ್ವಜನಿಕರ ಹಣದಲ್ಲಿ ಅಚ್ಚಾದ ಪುಸ್ತಕ ಮುಪ್ಪಿನ ಕಣ್ಣಿಗೂ ಎಟುಕುವಂತಿರಬೇಡವೇ?