ಗೋಡೆಯ ಮೇಲೆ ಅವರ ಹೆಸರೂ ಇರಲಿ

ಮಾರ್ಚ್ ಬಂತೆಂದರೆ ನಮ್ಮ ಗ್ಯಾಲರಿಗಳಲ್ಲಿ, ಕಾಲೇಜು ಸಭಾಂಗಣಗಳಲ್ಲಿ ಮಹಿಳಾ ಸಾಧಕಿಯರ ಚಿತ್ರಪ್ರದರ್ಶನ ನಡೆಯುತ್ತದೆ. ಚೆನ್ನಮ್ಮ ಕುದುರೆ ಏರಿರುತ್ತಾಳೆ, ಓಬವ್ವನ ಕೈಯಲ್ಲಿ ಒನಕೆ, ಪಕ್ಕದಲ್ಲಿ ಸಾವಿತ್ರಿಬಾಯಿ ಫುಲೆ. ಇವರು ಇರಲೇಬೇಕು. ಆದರೆ ಅಲ್ಲಿಗೆ ಋಣ ತೀರಿತೆಂದು ದೀಪ ಬೆಳಗಿಸಿ, ಶಾಲು ಹೊದಿಸಿ ಮನೆಗೆ ಹೊರಟುಬಿಡುತ್ತೇವಲ್ಲ, ಅದನ್ನು ಇನ್ನು ಸಹಿಸಬಾರದು.

2016ರ ಏಪ್ರಿಲ್ 18 ಮತ್ತು 19 ನೆನಪಿದೆಯೆ? ಪಿಎಫ್ ಹಣದಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಲಿಗೆ ಯಂತ್ರ ಬಿಟ್ಟೆದ್ದು ರಸ್ತೆಗಿಳಿದರು. ಮುಂದೆ ನಿಂತು ಭಾಷಣ ಮಾಡುವ ದೊಡ್ಡ ನಾಯಕರಾರೂ ಇರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು. ಎರಡನೆಯ ದಿನ ಸಂಜೆಯ ಹೊತ್ತಿಗೆ ಆ ನಿಯಮ ರದ್ದಾಯಿತು. ಮಗಳ ಮದುವೆಗೆ, ಗಂಡನ ಆಸ್ಪತ್ರೆ ಖರ್ಚಿಗೆ ಆ ಹಣವನ್ನೇ ನಂಬಿದ್ದ ಇಡೀ ದೇಶದ ಕಾರ್ಮಿಕರಿಗೆ ಈ ಹೆಂಗಸರು ಗೆದ್ದುಕೊಟ್ಟ ನ್ಯಾಯ ಅದು. ಅವರಲ್ಲಿ ಒಬ್ಬಳ, ಒಬ್ಬಳೇ ಒಬ್ಬಳ ಹೆಸರು ಹೇಳಿ ನೋಡೋಣ. ನನಗೂ ಬಾಯಿಗೆ ಬರುವುದಿಲ್ಲ. ಆ ಗಲಾಟೆಯಲ್ಲಿ ಸುಟ್ಟ ಬಸ್ಸು ಮಾತ್ರ ಎಲ್ಲರಿಗೂ ನೆನಪಿದೆ.

ಯಾರನ್ನು ನೆನೆಯಬೇಕು ಎಂದು ತೀರ್ಮಾನಿಸುವ ಅಧಿಕಾರ ಪ್ರದರ್ಶನ ಏರ್ಪಡಿಸುವವರ ಕೈಯಲ್ಲಿದೆ. ಮನಸ್ಸು ಒಳ್ಳೆಯದಿದ್ದರೂ ಅಲ್ಲಿ ತಪ್ಪಬಹುದು. ಅಮೆರಿಕದ ಕಲಾವಿದೆ ಜೂಡಿ ಷಿಕಾಗೊ 1979ರಲ್ಲಿ ‘ದ ಡಿನ್ನರ್ ಪಾರ್ಟಿ’ ಎಂಬ ಕಲಾಕೃತಿಯನ್ನು ಜನರ ಮುಂದಿಟ್ಟರು. ತ್ರಿಕೋನಾಕಾರದ ಊಟದ ಮೇಜು, ಪುರಾಣ, ಇತಿಹಾಸಗಳ 39 ಮಹಿಳೆಯರಿಗೆ ಒಂದೊಂದು ತಟ್ಟೆ, ನೆಲದ ಬಿಲ್ಲೆಗಳ ಮೇಲೆ ಇನ್ನೂ 999 ಹೆಸರು. ನೂರಾರು ಮಂದಿ ವರ್ಷಗಟ್ಟಲೆ ಕಸೂತಿ ಹಾಕಿ, ಪಿಂಗಾಣಿ ಸುಟ್ಟು ಕಟ್ಟಿದ ಆ ಕೃತಿ ಇಂದು ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಕಾಯಂ ಆಗಿದೆ. ಆದರೆ ಆ 39 ಮಂದಿಯಲ್ಲಿ ಕಪ್ಪು ಮಹಿಳೆ ಸೋಜರ್ನರ್ ಟ್ರೂತ್ ಒಬ್ಬರೇ. ಉಳಿದ ತಟ್ಟೆಗಳಲ್ಲಿ ಬಹುಪಾಲು ಹೆಣ್ಣಿನ ದೇಹವನ್ನು ಹೂವಿನಂತೆ, ಚಿಟ್ಟೆಯಂತೆ ಅರಳಿಸಿದ್ದರೆ, ಗುಲಾಮಳಾಗಿ ಹುಟ್ಟಿ ಮಕ್ಕಳನ್ನು ಹೆತ್ತ ಈ ತಾಯಿಯ ತಟ್ಟೆಯಲ್ಲಿ ಬರೀ ಮುಖಗಳಿವೆ. ಲೇಖಕಿ ಅಲಿಸ್ ವಾಕರ್ ಇದನ್ನು ನೇರವಾಗಿಯೇ ಪ್ರಶ್ನಿಸಿದರು. ಅಷ್ಟು ಪ್ರೀತಿಯಿಂದ ಹಾಕಿದ ಪಂಕ್ತಿಯಲ್ಲೂ ಭೇದ ನುಸುಳಿತ್ತು. ನಮ್ಮ ಪಂಕ್ತಿಗಳ ಕಥೆ ನಮಗೆ ಗೊತ್ತೇ ಇದೆ.

ಬೆಂಗಳೂರು ನಾಗರತ್ನಮ್ಮನವರನ್ನೇ ನೋಡಿ. 1878ರಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದವರು. ಮುದ್ದುಪಳನಿ ಎಂಬ ಹೆಣ್ಣು ಬರೆದ ತೆಲುಗು ಕಾವ್ಯವನ್ನು ಪಂಡಿತರು ಅಶ್ಲೀಲವೆಂದಾಗ, ಗಂಡಸು ಬರೆದರೆ ಶೃಂಗಾರ, ಹೆಂಗಸು ಬರೆದರೆ ನಾಚಿಕೆಗೇಡೇ ಎಂದು ಅವರನ್ನು ಕೆಣಕಿ 1910ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಸರ್ಕಾರ ನಿಷೇಧಿಸಿತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಾವು ಹಾಡಿ ಗಳಿಸಿದ ಹಣದಿಂದ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂದವರ ಎದುರೇ ಹೆಂಗಸರ ಆರಾಧನೆ ಶುರು ಮಾಡಿದರು. ನಮ್ಮೂರಿನ ಹೆಸರನ್ನೇ ತಮ್ಮ ಹೆಸರಿಗೆ ಹೊತ್ತ ಈ ತಾಯಿಯ ಚಿತ್ರ ನಿಮ್ಮೂರಿನ ಎಷ್ಟು ಪ್ರದರ್ಶನಗಳಲ್ಲಿ ಕಂಡಿದೆ? ರಾಣಿಯ ಚಿತ್ರ ತೂಗುಹಾಕಲು ಯಾರೂ ಅಂಜುವುದಿಲ್ಲ. ದೇವದಾಸಿಯ ಮಗಳ ಚಿತ್ರದ ಮುಂದೆ ದೀಪ ಹಚ್ಚಲು ಈಗಲೂ ಕೈ ಹಿಂಜರಿಯುತ್ತದೆ.

ಆದ್ದರಿಂದ ಪ್ರದರ್ಶನ ಏರ್ಪಡಿಸುವವರಲ್ಲಿ ಕೇಳುತ್ತೇನೆ. ಹೋರಾಟದ ಫೋಟೊದ ಕೆಳಗೆ ‘ಮಹಿಳಾ ಕಾರ್ಮಿಕರು’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಪೀಣ್ಯಕ್ಕೆ, ಬೊಮ್ಮನಹಳ್ಳಿಗೆ ಹೋಗಿ, ಆ ಗಾರ್ಮೆಂಟ್ಸ್ ಅಕ್ಕಂದಿರನ್ನು ಹುಡುಕಿ, ಅವರು ಒಪ್ಪಿದರೆ ಹೆಸರು ಹಿಡಿದು ಬರೆಯಿರಿ. ಖಾಯಮಾತಿಗಾಗಿ ಬೀದಿಯಲ್ಲಿ ಕೂತ ಪೌರಕಾರ್ಮಿಕ ಹೆಂಗಸರನ್ನು ಕೇಳಿ, ಅವರ ಕಥೆಯನ್ನು ಅವರೇ ಹೇಳಲಿ. ಪ್ರದರ್ಶನಕ್ಕೆ ಕವುದಿ ಹೊಲಿದವಳಿಗೆ, ಫೋಟೊ ಕೊಟ್ಟವಳಿಗೆ ಗೌರವಧನ ಕೊಡಿ. ಉದ್ಘಾಟನೆಗೆ ಮಂತ್ರಿಗಳು ಬೇಡ, ಗೋಡೆಯ ಮೇಲಿರುವವಳೇ ಬಂದು ಟೇಪು ಕತ್ತರಿಸಲಿ. ವಾರದ ದಿನ ಹತ್ತರಿಂದ ಐದರವರೆಗೆ ಬಾಗಿಲು ತೆರೆದರೆ ದುಡಿಯುವ ಹೆಣ್ಣು ಬರುವುದಾದರೂ ಯಾವಾಗ? ಚಿತ್ರಸಂತೆಯ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಲೆ ಬೀದಿಗೆ ಬಂದರೆ ಜನ ಬಂದೇ ಬರುತ್ತಾರೆ. ತಾಲ್ಲೂಕು ಬಸ್ ನಿಲ್ದಾಣಕ್ಕೆ, ಸಂತೆ ಮೈದಾನಕ್ಕೆ ಈ ಚಿತ್ರಗಳನ್ನು ಒಯ್ಯಿರಿ.

ಓದುವ ನಿಮ್ಮಲ್ಲೂ ಒಂದು ಮಾತು. ಶಾಲೆಗಾಗಿ ಜಗಳವಾಡಿದ, ಸಾರಾಯಿ ಅಂಗಡಿ ಮುಚ್ಚಿಸಿದ, ಕೂಲಿ ಹೆಚ್ಚಿಸಿಕೊಂಡ ಹೆಂಗಸರ ಗುಂಪಿನ ಹಳೆಯ ಫೋಟೊ ನಿಮ್ಮ ಮನೆಯ ಟ್ರಂಕಿನಲ್ಲಿ ಇರಬಹುದು. ಯಾರು ಯಾರೆಂದು ಗುರುತಿಸಬಲ್ಲ ಅಜ್ಜಿ ಬದುಕಿರುವಾಗಲೇ ಕೇಳಿ, ಫೋಟೊದ ಹಿಂದೆ ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಬರೆದಿಡಿ. ಈ ವಾರವೇ ಬರೆದಿಡಿ.